ನಾಲ್ಕನೇ ಜ್ವರ

ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಒಬ್ಬ ಹೆಂಗಸು ಒದ್ದೆ ಗೋಣಿಯಲ್ಲಿ ಕಟ್ಟಿದ ಸೊಪ್ಪಿನ ಮೂಟೆಯೊಂದನ್ನು ತಳ್ಳಿಕೊಂಡು ಹತ್ತಿದಳು. "ವಸಿ ಕಾಲು ಎತ್ಕಳಿ ಮೇಡಂ" ಎಂದು ಅದನ್ನು ನನ್ನ ಸೀಟಿನ ಕೆಳಕ್ಕೇ ಸೇರಿಸಿ ತಾನು ಹಿಂದೆ ಹೋಗಿ ಕೂತಳು. ಹಿಪ್ಪುನೇರಳೆ ಸೊಪ್ಪಿಗೆ ವಾಸನೆಯೇ ಇಲ್ಲ ಎನ್ನುವವರನ್ನು ನಾನು ನೋಡಿದ್ದೇನೆ. ಅವರು ಮಾರ್ಚಿ ತಿಂಗಳ ಬಿಸಿಲಿನಲ್ಲಿ ಅಂಥ ಮೂಟೆಯ ಮೇಲೆ ಕಾಲಿಟ್ಟುಕೊಂಡು ಸಂತೆಮರಹಳ್ಳಿಯವರೆಗೆ ಕೂತವರಲ್ಲ. ಬಸ್ಸು ಊರು ದಾಟುವ ಹೊತ್ತಿಗೆ ಆ ಹಸಿಯಾದ, ಸ್ವಲ್ಪ ಹಾಲಿನಂಥ ವಾಸನೆ ಮೂಗಿಗೇರಿತು. ನಾನು ಮತ್ತೆ ಹತ್ತನೇ ಕ್ಲಾಸಿನ ಹುಡುಗಿಯಾಗಿ ಕೂತಿದ್ದೆ.

ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಾರ್ಚಿ ಬಂತೆಂದರೆ ಹತ್ತನೇ ಕ್ಲಾಸಿನವರಿಗೆ ಒಂದು ಕಥೆ ಹೇಳುವುದು ನನ್ನ ಚಾಳಿ. ಮಕ್ಕಳು ಅದಕ್ಕೆ ಕಾದಿರುತ್ತಾರೆ, ಕಥೆಯ ಆಸೆಗಲ್ಲ, ಆ ಪೀರಿಯಡ್ಡಿನಲ್ಲಿ ವ್ಯಾಕರಣ ತಪ್ಪುತ್ತದೆಂದು. "ಮೇಡಮ್ಮಿಗೆ ಜ್ವರ ಬಂತು ಕಣ್ಲಾ" ಎಂದು ಕಿಟಕಿಯ ಪಕ್ಕದ ಹುಡುಗರು ಪಿಸುಗುಡುವುದು ನನಗೂ ಕೇಳಿಸುತ್ತದೆ. ನಿಮಗೂ ಅದನ್ನು ಹೇಳಿಬಿಡುತ್ತೇನೆ. ನಿಮಗೆ ಪರೀಕ್ಷೆಯ ಹೆದರಿಕೆಯಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳಬಹುದು.

ನಮ್ಮ ಮನೆ ಇದ್ದದ್ದು ಹಂಗಳದಲ್ಲಿ. ಅಪ್ಪ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಏಳನೇ ಕ್ಲಾಸು ಮುಗಿದಾಗ ನನ್ನನ್ನು ಗುಂಡ್ಲುಪೇಟೆಯ ಹೈಸ್ಕೂಲಿಗೆ ಹಾಕುವ ಮಾತು ನಡೆದಿತ್ತು. ಆದರೆ ಸಾಯಂಕಾಲದ ಬಸ್ಸು ತಪ್ಪಿದರೆ ಹುಡುಗಿ ಕತ್ತಲಲ್ಲಿ ನಡೆದು ಬರಬೇಕಲ್ಲ, ಆನೆ ಅಡ್ಡ ಬಂದರೆ ಏನು ಗತಿ ಎಂದು ಅವ್ವ ಹಟ ಹಿಡಿದಳು. ಕಾಡಿನಲ್ಲೇ ದಿನ ಕಳೆಯುವ ಅಪ್ಪನಿಗೆ ಆನೆಯ ಹೆದರಿಕೆ ಇರಲಿಲ್ಲ, ಅವ್ವನ ಹೆದರಿಕೆ ಇತ್ತು. ಹಾಗಾಗಿ ನಾನು ಸಂತೆಮರಹಳ್ಳಿಯಿಂದ ಒಂದೂವರೆ ಮೈಲಿ ಒಳಗಿನ ಹಳ್ಳಿಯಲ್ಲಿದ್ದ ದೊಡ್ಡವ್ವನ ಮನೆ ಸೇರಿ, ಅಲ್ಲಿಂದ ದಿನವೂ ಬಸ್ಸಿನಲ್ಲಿ ಚಾಮರಾಜನಗರದ ಹೈಸ್ಕೂಲಿಗೆ ಹೋಗತೊಡಗಿದೆ. ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲ ಅದು.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಓದು ಬರಹ ತಿಳಿಯದು. ಆದರೆ ನನ್ನ ಜೀವನದಲ್ಲಿ ಅವಳಷ್ಟು ಗಡಿಯಾರ ನೋಡಿ ಬದುಕಿದವರನ್ನು ನಾನು ಕಂಡಿಲ್ಲ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಇದ್ದುದರಲ್ಲಿ ದೊಡ್ಡದಾದ, ತಂಪಾದ ಕೋಣೆ ಹುಳಗಳಿಗೆ, ಜಗಲಿ ನಮಗೆ. ಬೆಳಿಗ್ಗೆ ಆರು, ಹನ್ನೊಂದು, ಸಾಯಂಕಾಲ ನಾಲ್ಕು, ರಾತ್ರಿ ಒಂಬತ್ತು, ಹೀಗೆ ದಿನಕ್ಕೆ ನಾಲ್ಕು ಸಲ ಬಿದಿರ ತಟ್ಟೆಗಳಿಗೆ ಸೊಪ್ಪು ಬೀಳಬೇಕು. ನಂಟರು ಬಂದಿರಲಿ, ಮದುವೆ ಇರಲಿ, ಆ ಹೊತ್ತು ತಪ್ಪುವಂತಿಲ್ಲ. ಸ್ವಂತ ತಮ್ಮನ ಮದುವೆಯಲ್ಲಿ ಧಾರೆ ಮುಗಿದದ್ದೇ ತಡ, ಊಟ ಬಿಟ್ಟು ಸೊಪ್ಪು ಹಾಕಲು ಓಡಿಬಂದವಳು ಎಂದು ಅವಳನ್ನು ಈಗಲೂ ರೇಗಿಸುತ್ತಾರೆ.

ನಾನು ಹತ್ತನೇ ಕ್ಲಾಸಿಗೆ ಬಂದೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆ ಕ್ಲಾಸನ್ನು ದಾಟಿರಲಿಲ್ಲ. ಜನವರಿ ಬರುತ್ತಿದ್ದ ಹಾಗೇ ಎಲ್ಲರಿಗೂ ನನಗೆ ಬುದ್ಧಿ ಹೇಳುವ ಹುಮ್ಮಸ್ಸು ಬಂತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂದು ಹೆಡ್‌ಮಾಸ್ಟರರು ಹೇಳಿದರು. ನಿದ್ದೆ ಬರದಿರಲು ಕಾಲನ್ನು ಬಕೆಟ್ಟಿನ ನೀರಿನಲ್ಲಿಟ್ಟು ಓದು ಎಂದರು ಸಮಾಜದ ಮೇಷ್ಟ್ರು. ಹಾಗೆ ಮಾಡಿ ಮೂರು ದಿನ ನೆಗಡಿಯಲ್ಲಿ ಮಲಗಿದೆ. ಜ್ಞಾಪಕಶಕ್ತಿಗೆ ಒಂದೆಲಗದ ಚಟ್ನಿ ಒಳ್ಳೆಯದೆಂದು ಪಕ್ಕದ ಮನೆಯವರು ಹೇಳಿದ್ದೇ ಸಾಕು, ದೊಡ್ಡವ್ವ ದಿನವೂ ಅದನ್ನೇ ಅರೆದಳು. ಮೂವತ್ತು ವರ್ಷದ ಮೇಲೂ ಆ ಚಟ್ನಿಯ ರುಚಿ ನನಗೆ ಅಚ್ಚುಕಟ್ಟಾಗಿ ಜ್ಞಾಪಕವಿದೆ. ಅದರ ಜೊತೆ ಓದಿದ್ದೊಂದೂ ಇಲ್ಲ.

ಮಾರ್ಚಿ ಮೊದಲ ವಾರ ಪ್ರಿಪರೇಟರಿ ಪರೀಕ್ಷೆಯ ಗಣಿತದ ಪೇಪರು ಕೊಟ್ಟರು. ನನಗೆ ನೂರಕ್ಕೆ ಹದಿನೇಳು. ಬೇರೆ ವಿಷಯಗಳೆಲ್ಲ ಹೇಗೋ ದಡ ಸೇರಿದ್ದವು. ಗಣಿತದ ಮೇಷ್ಟ್ರು ಘಟ್ಟದ ಕೆಳಗಿನವರು, ಆ ವರ್ಷವೇ ನಮ್ಮ ಶಾಲೆಗೆ ಬಂದಿದ್ದವರು. ಅವರು ಬೈಯಲಿಲ್ಲ. ಪೇಪರು ಕೊಡುವಾಗ ನನ್ನ ಮುಖ ನೋಡದೆ ಕೊಟ್ಟರು, ಅಷ್ಟೇ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಬಸ್ಸಿನಲ್ಲಿ ಕೂತು ಆ ಪೇಪರನ್ನು ಎಂಟು ಮಡಿಕೆ ಮಡಿಸಿದೆ. ಮನೆ ಮುಟ್ಟುವ ಹೊತ್ತಿಗೆ ಪರೀಕ್ಷೆ ಬರೆಯುವುದಿಲ್ಲ ಎಂದು ತೀರ್ಮಾನಿಸಿಯಾಗಿತ್ತು. ಬರೆದು ಫೇಲಾದರೆ ಊರೆಲ್ಲ ಆಡಿಕೊಳ್ಳುತ್ತದೆ. ಬರೆಯದಿದ್ದರೆ, ಬರೆದಿದ್ದರೆ ಪಾಸಾಗುತ್ತಿದ್ದಳು ಎಂದಾದರೂ ಅಂದುಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕ. ಆ ವಾರ ನಾನು ಸರಿಯಾಗಿ ಹಾಕಿದ ಲೆಕ್ಕ ಅದೊಂದೇ ಎಂದುಕೊಂಡಿದ್ದೆ.

ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಅಪ್ಪನಿಗೆ ಒಂದು ಚೀಟಿ ಬರೆದೆ: ನನಗೆ ಓದು ಹತ್ತುವುದಿಲ್ಲ, ಗುಂಡ್ಲುಪೇಟೆಯಲ್ಲಿ ಹೊಲಿಗೆ ಕ್ಲಾಸಿಗೆ ಸೇರಿಸು, ಭಾನುವಾರ ಬಂದು ಕರೆದುಕೊಂಡು ಹೋಗು. ಆಗ ನಮಗೆ ಅಂಚೆಗಿಂತ ಬಸ್ಸಿನ ಕಂಡಕ್ಟರುಗಳ ಮೇಲೆ ನಂಬಿಕೆ ಹೆಚ್ಚು. ಗುರುವಾರ ಬೆಳಿಗ್ಗೆ ಸಂತೆಮರಹಳ್ಳಿಯಲ್ಲಿ ಕೊಟ್ಟ ಚೀಟಿ ಬಸ್ಸಿಂದ ಬಸ್ಸಿಗೆ ದಾಟಿ ಮಧ್ಯಾಹ್ನಕ್ಕೆ ಹಂಗಳ ಮುಟ್ಟಿತು. ಶುಕ್ರವಾರ ಅದೇ ದಾರಿಯಲ್ಲಿ ಉತ್ತರ ಬಂತು. ಅದರಲ್ಲಿದ್ದದ್ದು ಒಂದೇ ಸಾಲು, "ಭಾನುವಾರ ಬತ್ತೀನಿ."

ದೊಡ್ಡವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು ಹುಳದ ಕೋಣೆಯ ಕಡೆ ಹೋದಳು. ದೊಡ್ಡಪ್ಪ ಮಾತ್ರ ರೇಗಿದರು. "ಮೂರ್ ವರ್ಸ ಬಸ್ಸಲ್ಲಿ ಓಡಾಡಿದ್ದು ಇದ್ಕೇನಮ್ಮಿ?" ಎಂದು ಶುರುಮಾಡಿದರು. ದೊಡ್ಡವ್ವ ಹುಳದ ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲನೆ ಹೇಳಿದಳು:

"ಸುಮ್ನಿರಿ. ಕೂಸು ಜರಕ್ಕೆ ಕೂತದ. ಮುಟ್ಬೇಡಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ರೇಷ್ಮೆಯ ಊರಿನವರಲ್ಲದಿದ್ದರೆ ನಿಮಗೂ ನಮ್ಮ ಗಣಿತದ ಮೇಷ್ಟ್ರಿಗೆ ಆದ ಫಜೀತಿಯೇ ಆದೀತು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ಕೂತುಬಿಡುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೆಯದು ಕೊನೆಯದು, ದೊಡ್ಡದು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ತಟ್ಟೆ ಜರುಗಿಸಬಾರದು. ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಡಬೇಕು. ಒಂದೂವರೆ ದಿನದ ಮೇಲೆ ಪೊರೆ ಕಳಚಿ ಏಳುತ್ತವೆ. ಎದ್ದ ಮೇಲೆ ನೋಡಬೇಕು ಅವುಗಳ ಹಸಿವನ್ನು.

ಆ ವಾರ ನಮ್ಮ ಮನೆಯ ಹುಳಗಳೂ ನಾಲ್ಕನೇ ಜ್ವರದಲ್ಲಿದ್ದವು. ನನಗೆ ಸಿಟ್ಟು ಬಂತು. ನಾನೇನು ಹುಳವೇ? ಆದರೆ ಬೈಗುಳ ತಪ್ಪಿತಲ್ಲ ಎಂದು ಸುಮ್ಮನಾದೆ. ಗೋಡೆಗೆ ಒರಗಿ ಜಗಲಿಯಲ್ಲಿ ಕೂತೆ. ದೊಡ್ಡವ್ವ ಊಟಕ್ಕೂ ಬಲವಂತ ಮಾಡಲಿಲ್ಲ. ತಟ್ಟೆಯಲ್ಲಿ ಇಟ್ಟು ಪಕ್ಕದಲ್ಲಿ ಬಿಟ್ಟು ಹೋಗುತ್ತಿದ್ದಳು. "ಎಲ್ಲಾವೂ ಏಳ್ತವ ಕಣಮ್ಮಿ. ಒಂದು ಬೇಗ, ಒಂದು ತಡ" ಎಂದು ಒಂದು ಸಲ ಹೇಳಿದಳು. ನನಗೆ ಹೇಳಿದಳೋ, ತಟ್ಟೆಯ ಹುಳಗಳ ವಿಷಯ ಹೇಳಿದಳೋ ಗೊತ್ತಾಗಲಿಲ್ಲ.

ಶಾಲೆಗೆ ಹೋಗದಿದ್ದರೆ ರಜಾ ಚೀಟಿ ಕಳಿಸಬೇಕಲ್ಲ. ಹೊಟ್ಟೆನೋವು ಎಂದು ಬರೆಯುತ್ತೇನೆ ಎಂದೆ.

"ಸುಳ್ಳು ಬರೀಬ್ಯಾಡ. ಇರೋದ್ನೇ ಬರಿ. ಮನೇಲಿ ನಾಕ್ನೇ ಜರ ಅಂತ" ಎಂದಳು ದೊಡ್ಡವ್ವ.

ಅದು ನಮ್ಮ ಕಡೆಯ ಮಕ್ಕಳೆಲ್ಲ ಬರೆಯುತ್ತಿದ್ದ ಕಾರಣವೇ. ಕೊನೆಯ ಜ್ವರ ಎಂದರೆ, ಹುಳ ಏಳುತ್ತಲೇ ಮನೆಯಲ್ಲಿ ಯಾರ ಕೈಗೂ ಬಿಡುವಿಲ್ಲ ಎಂದು ಯಾವ ಮೇಷ್ಟ್ರಿಗಾದರೂ ಅರ್ಥವಾಗುತ್ತಿತ್ತು. "ನಮ್ಮ ಮನೆಯಲ್ಲಿ ನಾಲ್ಕನೇ ಜ್ವರವಾದ ಪ್ರಯುಕ್ತ ರಜೆ ದಯಪಾಲಿಸಬೇಕು" ಎಂದು ಬರೆದು ಕಂಡಕ್ಟರ ಕೈಗೆ ಕೊಟ್ಟೆ. ಅದು ಘಟ್ಟದ ಕೆಳಗಿನ ಮೇಷ್ಟ್ರ ಕೈಗೆ ಸಿಕ್ಕೀತೆಂದು ನಾನೆಲ್ಲಿ ಕಂಡೆ.

ಶನಿವಾರ ಬೆಳಿಗ್ಗೆ ಹುಳಗಳು ಎದ್ದವು. ನಾನು ಏಳಲಿಲ್ಲ. ಸೊಪ್ಪು ತರಿಯಲು ಜನ ಸಾಲದೆಂದು ಕೈ ಜೋಡಿಸಿದೆನೇ ಹೊರತು, ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಗಣಿತದ ಮೇಷ್ಟ್ರು ಬಿಸಿಲಲ್ಲಿ ಒಂದೂವರೆ ಮೈಲಿ ನಡೆದು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಮೂಸಂಬಿ. ನಾನು ನಾಚಿ ಹುಳದ ಕೋಣೆಯೊಳಗೆ ಅಡಗಿದೆ. ಜಗಲಿಯಲ್ಲಿ ನಡೆದ ಮಾತುಕತೆ ಮಾತ್ರ ಒಂದಕ್ಷರ ಬಿಡದೆ ಕೇಳಿಸಿಕೊಂಡೆ.

"ಈಗ ಜ್ವರ ಹೇಗುಂಟು ಅಮ್ಮ?"

"ಎದ್ದವ ಸಾ. ಬೆಳಿಗ್ಗೇನೆ ಎದ್ದವ."

ಮೇಷ್ಟ್ರಿಗೆ ಬಹುವಚನ ಕೇಳಿ ಗಾಬರಿಯಾಗಿರಬೇಕು. "ಮನೆಯಲ್ಲಿ ಎಷ್ಟು ಮಂದಿಗೆ ಬಂದಿತ್ತು?"

"ಎಲ್ಲಾಕ್ಕೂ ಒಟ್ಗೇ ಬತ್ತದ ಸಾ. ನೂರೈವತ್ತು ಮೊಟ್ಟೆ."

ಹುಳದ ಬೆಳೆಯನ್ನು ನಾವು ಮೊಟ್ಟೆಯ ಲೆಕ್ಕದಲ್ಲಿ ಹೇಳುವುದು, ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನ್ನೂರು ಐನೂರು ಮೊಟ್ಟೆಗಳ ಗುಂಪು. ಮೇಷ್ಟ್ರಿಗೆ ಅದೆಲ್ಲಿ ತಿಳಿಯಬೇಕು? ಅವರು ಗಂಭೀರವಾಗಿ, "ಜ್ವರದಲ್ಲಿ ಮೊಟ್ಟೆ ಕೊಡಬಾರದು ಅಮ್ಮ. ಅದೂ ಅಷ್ಟೊಂದು" ಎಂದರು.

"ಮೊಟ್ಟೆ ಯಾರ್ ಕೊಟ್ಟರು ಸಾ? ಕೊಡದು ಸೊಪ್ಪು."

"ಸೊಪ್ಪು ಒಳ್ಳೆಯದು. ಚೆನ್ನಾಗಿ ಬೇಯಿಸಿ ಕೊಡಿ."

"ಬೇಸದೇನು? ಅಸೀದೇ ತಿಂತವ."

ಇಷ್ಟು ಹೊತ್ತಿಗೆ ಒಳಗಿದ್ದ ನನಗೆ ನಗು ತಡೆಯಲಾಗಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ನಕ್ಕದ್ದು. ಮೇಷ್ಟ್ರು ಬಾಗಿಲಿಗೆ ಬಂದು ನೋಡಿದರು. ಸೊಪ್ಪಿನ ಕುಕ್ಕೆ ಹಿಡಿದು ಗಟ್ಟಿಮುಟ್ಟಾಗಿ ನಿಂತಿದ್ದ ರೋಗಿಯನ್ನೂ, ತಟ್ಟೆಗಳ ಮೇಲೆ ಸರಸರನೆ ಸೊಪ್ಪು ಕಡಿಯುತ್ತಿದ್ದ ಸಾವಿರಾರು ಹುಳಗಳನ್ನೂ ಕಂಡರು. ಅವರೂ ನಕ್ಕರು. ಅವರು ನಗುವುದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

ದೊಡ್ಡವ್ವ ಅವರಿಗೆ ಜ್ವರ ಎಂದರೇನೆಂದು ಹೇಳಿ, ಒಂದು ಕಳಚಿದ ಪೊರೆಯನ್ನು ಅಂಗೈ ಮೇಲಿಟ್ಟು ತೋರಿಸಿದಳು. "ಇಲ್ಲೀಗಂಟ ತಿಂದದ್ದು ಒಂದು ಪಾಲಾದ್ರ, ಇನ್ನು ಎಂಟು ದಿನದಲ್ಲಿ ತಿನ್ನದು ನಾಕು ಪಾಲು ಸಾ. ಮೊದ್ಲೆಲ್ಲ ಎಷ್ಟ್ ತಿಂದ್ರೂ ಸೈ, ಗೂಡು ಬಿಗಿಯಾಗದು ಈ ಎಂಟು ದಿನದ ಸೊಪ್ಪಿಂದ" ಎಂದಳು. ಮೇಷ್ಟ್ರು ನನ್ನ ಕಡೆ ತಿರುಗಿ, ಹಾಗಾದರೆ ಇಲ್ಲಿಯವರೆಗೆ ಹತ್ತು ಮೂಟೆ ಆಗಿದ್ದರೆ ಒಟ್ಟು ಎಷ್ಟು ಬೇಕು ಎಂದು ಕೇಳಿದರು. ಐವತ್ತು ಎಂದೆ. ಪ್ರಿಪರೇಟರಿಯಲ್ಲಿ ಇದನ್ನೇ ಬಿಟ್ಟು ಬಂದಿದ್ದೀಯ ಮಾರಾಯ್ತಿ, ಹೆಸರು ಅನುಪಾತ ಅಂತ ಇತ್ತು, ಅಷ್ಟೇ ವ್ಯತ್ಯಾಸ ಎಂದರು. ಇದನ್ನು ಕೇಳಿ ನಾನು ಜಿಗಿದು ಅಟ್ಟ ಹತ್ತಿದೆ ಎಂದರೆ ಕಥೆ ಚೆನ್ನಾಗಿರುತ್ತಿತ್ತು. ನಾನು ಹತ್ತಲಿಲ್ಲ. ಪರೀಕ್ಷೆ ಬರೆಯುವುದಿಲ್ಲ ಸಾರ್, ನಾಳೆ ಊರಿಗೆ ಹೋಗುತ್ತೇನೆ ಎಂದೆ. ಅವರು ಮೂಸಂಬಿಯನ್ನು ತಟ್ಟೆಗಳ ಪಕ್ಕದಲ್ಲಿಟ್ಟು, ಹುಳಗಳನ್ನು ಮತ್ತೊಮ್ಮೆ ನೋಡಿ ಹೊರಟುಹೋದರು.

ಭಾನುವಾರ ಅಪ್ಪ ಬಂದ. ಒಂದು ಮಾತೂ ಗದರಲಿಲ್ಲ. ಗುಂಡ್ಲುಪೇಟೆಯಲ್ಲಿ ಬಟ್ಟೆ ಹೊಲಿಯುವವರ ಹತ್ತಿರ ಮಾತಾಡಿಯೇ ಬಂದಿದ್ದ. ದೊಡ್ಡವ್ವ ನನ್ನ ಬಟ್ಟೆಗಳನ್ನು ತಾನೇ ಮಡಿಸಿ ಚೀಲಕ್ಕೆ ಹಾಕಿದಳು. ಇರು ಅನ್ನಲಿಲ್ಲ. "ಓಗ್ ಬಾ" ಎಂದಳು ಅಷ್ಟೇ. ಒಂದು ಸಲವಾದರೂ ತಡೆಯಬಾರದೇ, ಇವಳಿಗೆ ನನಗಿಂತ ಹುಳಗಳೇ ಹೆಚ್ಚು ಎಂದುಕೊಂಡು ಮೂರೂವರೆಗೆ ಅಪ್ಪನ ಹಿಂದೆ ಹೊರಟೆ.

ಸಂತೆಮರಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ ಅಪ್ಪ ಜೇಬಿನಿಂದ ಅಳತೆಯ ಟೇಪೊಂದನ್ನು ತೆಗೆದ. ಹೊಸದು, ಹಳದಿ ಬಣ್ಣದ್ದು. "ಒಲ್ಗೆ ಕಲಿಯಾಕೆ ಇದು ಬೇಕಂತೆ ಕಣಮ್ಮಿ. ಮಡೀಕೊ" ಎಂದ. ಅವನ ಮುಖದಲ್ಲಿ ಬೇಸರ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ನಾನು ಕೇಳಿದ್ದನ್ನು ತಂದಿದ್ದ, ಅಷ್ಟರಿಂದಲೇ ಖುಷಿಯಾಗಿದ್ದ. ನಾನು ಏನು ಹೇಳಿದರೂ ಇವನು ನಂಬುತ್ತಾನೆ, ಓದು ಹತ್ತುವುದಿಲ್ಲ ಅಂದದ್ದನ್ನೂ ನಂಬಿಬಿಟ್ಟಿದ್ದಾನೆ ಎಂದು ಹೊಳೆದಾಗ ನನಗೆ ಭಯವಾಯಿತು. ನಾನು ಹೇಳಿದ್ದು ನಿಜವಾಗಿರಲಿಲ್ಲ. ನನಗೆ ಹೆದರಿಕೆಯಾಗಿತ್ತು, ಅದನ್ನು ಓದು ಹತ್ತುವುದಿಲ್ಲ ಎಂದು ಬರೆದಿದ್ದೆ.

ಬಸ್ಸು ಬಂತು. ಅಪ್ಪ ಹತ್ತಿದ. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ.

"ಅಪ್ಪಾ, ಉಳ ಅಣ್ಣಾಗೋ ಗಂಟ ಇದ್ದು ಬತ್ತೀನಿ. ದೊಡ್ಡವ್ವಂಗೆ ಕೈಗೆ ಜನ ಇಲ್ಲ."

ಹಣ್ಣಾಗುವುದು ಎಂದರೆ ಹುಳ ಗೂಡು ಕಟ್ಟುವ ಹದಕ್ಕೆ ಬರುವುದು. ಇನ್ನೂ ಎಂಟು ದಿನ. ಪರೀಕ್ಷೆಯ ಹೆಸರನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. "ಆಯ್ತು ಬುಡು. ಆಮೇಕೆ ಬಾ" ಎಂದು ಟೇಪನ್ನು ನನ್ನ ಕೈಗಿಟ್ಟ. ಕಂಡಕ್ಟರು ಬೈಯುತ್ತಾ ಸೀಟಿ ಊದಿದ.

ನಾನು ಮನೆಗೆ ಬಂದಾಗ ದೊಡ್ಡವ್ವ ತಟ್ಟೆಗೆ ಸೊಪ್ಪು ಹಾಕುತ್ತಿದ್ದಳು. ಯಾಕೆ ಬಂದೆ ಎಂದು ಕೇಳಲಿಲ್ಲ. "ಆ ಕುಕ್ಕೆ ತಕ್ಕಬಾ" ಎಂದಳು.

ಮುಂದಿನ ಎಂಟು ದಿನ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು. ಒಂದು ಹೊತ್ತಿಗೂ ಇನ್ನೊಂದು ಹೊತ್ತಿಗೂ ನಡುವೆ ಎರಡೆರಡು ಗಂಟೆ ಖಾಲಿ. ನಿದ್ದೆ ಮಾಡಿದರೆ ಏಳುವುದು ಕಷ್ಟ, ಹೊರಗೆ ಹೋದರೆ ಹೊತ್ತು ತಪ್ಪುತ್ತದೆ. ಸೋಮವಾರ ಮಧ್ಯಾಹ್ನ ಬೇರೇನೂ ಮಾಡಲು ತೋಚದೆ ಅಟ್ಟದಿಂದ ಗೋಣಿಚೀಲ ಇಳಿಸಿದೆ. ಇಷ್ಟೇ ನನ್ನ ಪ್ರೇರಣೆಯ ಕಥೆ. ಉತ್ಸಾಹ ಬಂದು ಪುಸ್ತಕ ತೆರೆದದ್ದಲ್ಲ, ಪುಸ್ತಕ ತೆರೆದು ನಾಲ್ಕು ದಿನವಾದ ಮೇಲೆ ಸ್ವಲ್ಪ ಉತ್ಸಾಹ ಬಂತು. ನಾನು ಶಾಲೆಗೆ ಹೋಗದಿದ್ದರೂ ಮೇಷ್ಟ್ರು ದಿನಕ್ಕೆ ಐದು ಲೆಕ್ಕ ಬರೆದು ಕಂಡಕ್ಟರ ಕೈಲಿ ಕಳಿಸುತ್ತಿದ್ದರು, ನಾನು ಬಿಡಿಸಿದ್ದನ್ನು ಮರುದಿನ ಅದೇ ಬಸ್ಸಿಗೆ ಕೊಡುತ್ತಿದ್ದೆ. ನಾನು ಕಳಿಸಿದ ಹಾಳೆಗಳಲ್ಲಿ ಅಲ್ಲಲ್ಲಿ ಸೊಪ್ಪಿನ ಹಸಿರು ಕಲೆಗಳಿರುತ್ತಿದ್ದವು. ಒಂದು ಸಲ ಅವರು ತಪ್ಪು ಲೆಕ್ಕದ ಪಕ್ಕದಲ್ಲಿ, "ಇದು ಇನ್ನೂ ಜ್ವರದಲ್ಲಿದೆ" ಎಂದು ಬರೆದು ಕಳಿಸಿದ್ದರು. ಹುಳಗಳೆಲ್ಲ ಹಣ್ಣಾಗಿ ಚಂದ್ರಿಕೆ ಎಂಬ ಬಿದಿರ ತಡಿಕೆ ಹತ್ತಿ ಗೂಡು ಕಟ್ಟಿದ ಮೇಲೂ ನನ್ನ ಮೈ ಆ ಹೊತ್ತುಗಳಿಗೇ ಒಗ್ಗಿಕೊಂಡಿತ್ತು. ಉಳಿದ ಎರಡು ವಾರ ಹಾಗೇ ಸಾಗಿತು. ಗಣಿತದಲ್ಲಿ ಮೂವತ್ತೆಂಟು ಬಂತು. ಪಾಸಾಗಲು ಬೇಕಾದದ್ದು ಮೂವತ್ತೈದು. ಮೂರು ಅಂಕ ದಂಡವಾಯಿತು ಎಂದು ನಾನು ಈಗಲೂ ತಮಾಷೆ ಮಾಡುತ್ತೇನೆ.

ಮಕ್ಕಳಿಗೆ ನಾನು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನಮ್ಮ ದೊಡ್ಡವ್ವನಿಗೆ ಗೊತ್ತಿತ್ತು, ಕೂತ ಹುಳ ಎದ್ದೇ ಏಳುತ್ತದೆ ಅಂತ, ಆದ್ದರಿಂದ ಅವಳು ನಿಶ್ಚಿಂತೆಯಾಗಿ ಕಾದಳು ಎಂದು ಹೇಳಿ ಡಸ್ಟರು ಎತ್ತಿಕೊಳ್ಳುತ್ತೇನೆ. ಯಾರಾದರೂ ಮಂಕಾಗಿ ಕೂತಿದ್ದರೆ ನಾನೂ ಮುಟ್ಟುವುದಿಲ್ಲ. ಏಳುತ್ತಾರೆ ಬಿಡಿ ಎಂದು ಸ್ಟಾಫ್ ರೂಮಿನಲ್ಲಿ ದೊಡ್ಡ ಅನುಭವಸ್ಥಳ ಹಾಗೆ ಹೇಳುವುದೂ ಉಂಟು.

ಆ ಸೊಪ್ಪಿನ ಮೂಟೆಯ ಬಸ್ಸಿನಿಂದ ಸಂತೆಮರಹಳ್ಳಿಯಲ್ಲಿ ಇಳಿದು, ಆಟೋದಲ್ಲಿ ದೊಡ್ಡವ್ವನ ಊರು ಸೇರಿದೆ. ದೊಡ್ಡವ್ವ ಸೊಸೆಯ ಹುಳದ ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಕಣ್ಣು ಮಂಜಾಗಿದೆ, ಗಡಿಯಾರ ಕಾಣುವುದಿಲ್ಲ, ಆದರೂ ಸೊಪ್ಪಿನ ಹೊತ್ತಾಯಿತು ಎಂದು ಅವಳೇ ಕೂಗಿ ಹೇಳುವುದು. ಊಟವಾದ ಮೇಲೆ ಅವಳ ಪಕ್ಕ ಕೂತು, ಶಾಲೆಯಲ್ಲಿ ನಿನ್ನ ಕಥೆ ಹೇಳುತ್ತಿರುತ್ತೇನೆ ಎಂದೆ. ಅವಳಿಗೆ ನಗು. ಎಂಗೆ ಯೋಳ್ತೀಯೆ ಎಂದಳು. ಹೇಳಿದೆ. ಕೊನೆಗೆ, "ನಾನು ಎದ್ದೇ ಏಳ್ತೀನಿ ಅಂತ ನಿಂಗೆ ಗೊತ್ತಿತ್ತಲ್ವಾ ದೊಡ್ಡವ್ವ?" ಎಂದು ಕೇಳಿದೆ.

"ಎಲ್ ಗೊತ್ತಿತ್ತಮ್ಮಿ" ಎಂದಳು. "ಏಳ್ದೇ ಇರೋ ಉಳಾನೂ ಇರ್ತವ. ಕಸದ ಜತೇಲಿ ತಿಪ್ಪಗೆ ಓಯ್ತವ. ಅದ್ನ ಆವತ್ತು ನಿಂಗೆ ಯೋಳಾಕಾದ್ದಾ?"

ಅವಳೇ ಮುಂದುವರಿದು, "ಗೊತ್ತಿದ್ದಿದ್ರ ಬಸ್‌ಸ್ಟ್ಯಾಂಡ್ ಗಂಟ ಯಾಕ ಬತ್ತಿದ್ದೆ?" ಎಂದಳು.

ಆ ಭಾನುವಾರ ನಾವು ಹೊರಟ ಮೇಲೆ ಅವಳೂ ಗದ್ದೆಯ ದಾರಿ ಹಿಡಿದು ಹಿಂದೆಯೇ ಬಂದಿದ್ದಳಂತೆ. ಹಿಟ್ಟಿನ ಗಿರಣಿಯ ಗೋಡೆಯ ಮರೆಯಲ್ಲಿ ನಿಂತು ನೋಡಿದಳಂತೆ. ಕರೆಯಬೇಕೆಂದು ಬಾಯಿಗೆ ಬಂದದ್ದನ್ನು ಸೆರಗಿನಲ್ಲಿ ಅದುಮಿಕೊಂಡಳಂತೆ. ನಾನು ಮೆಟ್ಟಿಲಿಂದ ಕಾಲು ತೆಗೆದದ್ದನ್ನು ನೋಡಿ, ನನಗಿಂತ ಮುಂಚೆ ಮನೆ ಸೇರಬೇಕಲ್ಲ ಎಂದು ಅದೇ ಗದ್ದೆಯ ದಾರಿಯಲ್ಲಿ ಓಡಿದಳಂತೆ. "ಆವತ್ತು ಉಳಗಳಿಗೆ ನಾಕ್ ಗಂಟೆ ಸೊಪ್ಪು ಬೀಳ್ನಿಲ್ಲ ಕಣಮ್ಮಿ. ಐದೂವರೆ ಮ್ಯಾಲಾಯ್ತು" ಎಂದಳು, ಇಷ್ಟು ವರ್ಷದ ಮೇಲೂ ಹುಳಗಳ ಬಗ್ಗೆ ಮರುಕಪಡುತ್ತಾ. ಧಾರೆ ಮಂಟಪದಿಂದ ಓಡಿಬಂದವಳು ನನಗೋಸ್ಕರ ಹೊತ್ತು ತಪ್ಪಿಸಿದ್ದಳು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ನಲವತ್ತಾರು ವರ್ಷದ ಮೇಡಂ ಅಳುವುದನ್ನು ಅವಳ ಸೊಸೆ ಕುಕ್ಕೆ ಹಿಡಿದು ನಿಂತು ನೋಡಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ವಾಪಸು ಬರುವಾಗ ಹಂಗಳದಿಂದ ನಮ್ಮ ಶಾಲೆಗೆ ಬರುವ ಒಬ್ಬ ಹುಡುಗಿ ನನ್ನ ತಲೆಯಲ್ಲಿ ಕೂತಿದ್ದಳು. ಹತ್ತನೇ ಕ್ಲಾಸಿನವಳು, ನಾಲ್ಕು ದಿನದಿಂದ ಶಾಲೆಗೆ ಬಂದಿಲ್ಲ. ಏಳುತ್ತಾಳೆ ಬಿಡಿ ಎಂದು ಹಿಂದಿನ ದಿನ ಹಾಜರಿ ಪುಸ್ತಕ ಮುಚ್ಚಿದ್ದವಳು ನಾನೇ. ಮುಟ್ಟದೆ ಇರುವುದನ್ನು ದೊಡ್ಡವ್ವನಿಂದ ಚೆನ್ನಾಗಿ ಕಲಿತಿದ್ದೆ. ಬಸ್‌ಸ್ಟ್ಯಾಂಡಿನವರೆಗೆ ಹೋಗುವುದನ್ನು ಕಲಿತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಇಳಿದವಳು ಮನೆಯ ಕಡೆ ತಿರುಗದೆ, ಹಂಗಳದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ.